ನಿಧಾನದ ಕನ್ಸೋಲ್‌ ಬರೆಯುವ ತಾರೀಖು

ಬೆಂಗಳೂರಿನಲ್ಲಿ ಕೂತು ಹೊರದೇಶದ ಗೇಮ್‌ಗಳಲ್ಲಿ ಬಗ್ ಹುಡುಕುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಸೇವ್ ಆಗುತ್ತಿರುವಾಗಲೇ ಕಂಟ್ರೋಲರ್ ಆಫ್ ಮಾಡುವುದು, ಹಾರ್ಡ್ ಡಿಸ್ಕ್ ಭರ್ತಿ ಮಾಡಿಟ್ಟು ಮತ್ತೆ ಸೇವ್ ಒತ್ತುವುದು, ನಡು ಆಟದಲ್ಲಿ ನೆಟ್ ಕಿತ್ತುಹಾಕುವುದು, ದಿನವಿಡೀ ಇದೇ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರಕ್ಕೂ ಅವರವರದೇ ನಿಯಮಪಟ್ಟಿ. ಅದರಲ್ಲಿ ಪಾಸಾಗದೆ ಗೇಮ್ ಮಾರಾಟಕ್ಕೆ ಬರುವಂತಿಲ್ಲ. ಒಂದರಲ್ಲಿ ಫೇಲಾದರೆ ತಿದ್ದಿ ಮತ್ತೆ ಕಳಿಸಬೇಕು. ಆ ತಿದ್ದುಪಡಿ ಉಳಿದ ಕನ್ಸೋಲ್‌ಗಳಲ್ಲಿ ಏನನ್ನೂ ಕೆಡಿಸಿಲ್ಲ ಅಂತ ಅಲ್ಲೂ ಮೊದಲಿನಿಂದ ನೋಡಬೇಕು. ವಾರಗಳು ಹೋಗುವುದೇ ಹೀಗೆ.

ಒಂದು ಗೇಮಿನ ಸೇತುವೆ ಈಗಲೂ ಕಣ್ಣಿಗೆ ಕಟ್ಟಿದೆ. ಪಿಸಿಯಲ್ಲಿ ಓಡಿ ದಾಟಿದರೆ ಆಚೆ ದಡದ ಊರು ಸಿದ್ಧವಾಗಿರುತ್ತಿತ್ತು. ಹಳೇ ಕನ್ಸೋಲ್‌ನಲ್ಲಿ ದಾಟಿದರೆ ಬರೀ ಬಯಲು. ಸ್ವಲ್ಪ ಹೊತ್ತಿಗೆ ಮನೆಗಳು ಒಂದೊಂದಾಗಿ ಮೂಡುತ್ತಿದ್ದವು. ಅದರ ಹಾರ್ಡ್ ಡಿಸ್ಕ್ ಅಷ್ಟು ವೇಗವಾಗಿ ಊರನ್ನು ಓದಿ ಕೊಡಲಾರದು. ಕೊನೆಗೆ ಡೆವಲಪರ್‌ಗಳು ಆ ಊರನ್ನೇ ಬಿಚ್ಚಿ ಮರುಜೋಡಿಸಿದರು. ಅದಾದ ಮೇಲೆ ಯಾವ ಗೇಮ್ ಮುಂದೆ ಹೋದರೂ ನಾನು ಮೊದಲು ಕೇಳುವುದು, ಅದು ಓಡಬೇಕಾದ ಅತಿ ದುರ್ಬಲ ಯಂತ್ರ ಯಾವುದು ಅಂತ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತನ್ನ 'ಸೈಬರ್‌ಪಂಕ್ 2077' ಗೇಮನ್ನು 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ನವೆಂಬರ್‌ಗೆ, ಕಡೆಗೆ ಡಿಸೆಂಬರ್ 10ಕ್ಕೆ ತಳ್ಳಿತು. ಹಳೆಯ, ಹೊಸ ಕನ್ಸೋಲ್‌, ಪಿಸಿ, ನೆಟ್ ಮೂಲಕ ಆಡಿಸುವ ಸ್ಟೇಡಿಯಾ ಸೇವೆ ಸೇರಿ ಒಂಬತ್ತು ಆವೃತ್ತಿಗಳನ್ನು ಒಟ್ಟಿಗೇ ಪರೀಕ್ಷಿಸಬೇಕಿದೆ ಎಂದು ಕಂಪನಿಯೇ ಹೇಳಿತ್ತು. ಅಷ್ಟು ಕಾದರೂ 2013ರ ಪ್ಲೇಸ್ಟೇಷನ್ 4ರಲ್ಲಿ ಗೇಮ್ ತತ್ತರಿಸಿತು. ಆ ತಿಂಗಳು ಮುಗಿಯುವ ಮೊದಲೇ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆಯಿತು. ಎಲ್ಲ ಯಂತ್ರಕ್ಕೂ ಒಂದೇ ದಿನ ಎಂಬ ಹಟವೇ ಅಲ್ಲಿ ಮುಳುವಾಯಿತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಲ್ಜಿಯಂನ ಲೇರಿಯನ್ ಹಾಗೆ ಮಾಡಲಿಲ್ಲ. 'ಬಾಲ್ಡರ್ಸ್ ಗೇಟ್ 3' 2023ರ ಆಗಸ್ಟ್‌ನಲ್ಲಿ ಪಿಸಿಗೆ, ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ, ಸೀರೀಸ್ ಎಸ್‌ಗೆ 10 ಮಾತ್ರ. ಇಬ್ಬರು ಒಂದೇ ಪರದೆಯನ್ನು ಹಂಚಿಕೊಂಡು ಆಡುವ ಸೌಲಭ್ಯ ಎಸ್‌ನಲ್ಲಿ ಕೂರಲಿಲ್ಲ. ಮೈಕ್ರೋಸಾಫ್ಟ್ ಒಪ್ಪಿದ ಮೇಲೆ ಅದನ್ನು ಎಸ್‌ನಲ್ಲಿ ಕೈಬಿಟ್ಟು ಎಕ್ಸ್‌ಬಾಕ್ಸ್‌ಗೆ ಗೇಮನ್ನು ಡಿಸೆಂಬರ್‌ನಲ್ಲಿ ತಂದರು. ಎಕ್ಸ್‌ಬಾಕ್ಸ್‌ನವರು ತಿಂಗಳುಗಟ್ಟಲೆ ಕಾದರು, ಬೇಸರ ಸಹಜ. ಆದರೆ ಅವರ ಸಲುವಾಗಿ ಪಿಸಿಯವರು ಕಾಯಬೇಕಾಗಲಿಲ್ಲ, ಎಕ್ಸ್‌ಬಾಕ್ಸ್‌ನವರ ಕೈಗೂ ಅರೆಬೆಂದ ಗೇಮ್ ಬರಲಿಲ್ಲ.