ಹಳೆಯ ಬ್ರೌಸರಿನ ಬದಲಿಗೆ ಹಗುರಾದುದನ್ನು ಆರಿಸುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಈ ಐದು ತಾಲೂಕುಗಳ ಭೂಮಾಲೀಕರ ಉತಾರವು ದಫ್ತರದ ಗಂಟಿನಿಂದ ಹೊರಬಿದ್ದು ಗಣಕಯಂತ್ರದ ತೆರೆಯನ್ನೇರಿ ಇಪ್ಪತ್ತು ವರ್ಷಗಳ ಮೇಲಾಯಿತು. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ತರುವಾಯ ರೈತರ ನೋಂದಣಿಗಾಗಿ ‘ಫ್ರೂಟ್ಸ್’, ಬೆಳೆವಿಮೆಗಾಗಿ ‘ಸಂರಕ್ಷಣೆ’, ೨೦೧೯ರಲ್ಲಿ ಪಿ.ಎಂ. ಕಿಸಾನ್ ಇವು ಒಂದೊಂದಾಗಿ ಜಾಲದ ಪುಟಗಳ ರೂಪದಲ್ಲಿಯೇ ಬಂದವು. ಈ ಪುಟಗಳನ್ನು ತಂದು ಕಣ್ಣೆದುರಿಗಿಡುವ ಸಾಧನಕ್ಕೆ ಬ್ರೌಸರು ಎಂದು ಹೆಸರು. ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ಪರೀಕ್ಷಿಸುವ ಗೃಹಸ್ಥರು ತಮ್ಮ ಮನೆಯ ಯಂತ್ರದಲ್ಲಿರುವ ಬ್ರೌಸರು ಯಾವುದು, ಅದರ ವಯಸ್ಸೆಷ್ಟು ಎಂಬುದನ್ನು ವಿಚಾರಿಸುವದು ಕಡಿಮೆ.

ಇದರಿಂದ ಆಗುವ ಹಾನಿಯು ಅಲ್ಪವಾದುದಲ್ಲ. ವಿಮೆಯ ಅರ್ಜಿಗೆ ಕೊನೆಯ ದಿವಸ ಪುಟವು ಬಿಳಿದಾಗಿ ನಿಂತುಬಿಡುವದು. ‘ಸರ್ವರು ಕೆಟ್ಟಿದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋಗುವರು. ಕೆಲವು ಸಲ ಸರ್ವರು ಕೆಟ್ಟಿರುವದೂ ಉಂಟು. ಆದರೆ ಪಕ್ಕದ ಮನೆಯ ಹೊಸ ಯಂತ್ರದಲ್ಲಿ ಅದೇ ಹೊತ್ತಿನಲ್ಲಿ ಅದೇ ಪುಟವು ತೆರೆದರೆ ದೋಷವು ಸರ್ವರಿನದಲ್ಲ, ಮನೆಯ ಸಾಧನದ್ದು. ೨೦೧೯ರ ಆಗಸ್ಟದಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳು ಮಹಾಪೂರವನ್ನು ಕಂಡವು. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ರಾಜಾಪುರದ ಬಾಂದಾರದಲ್ಲಿ ಎಷ್ಟು ಹರಿಯುತ್ತಿದೆ ಎಂಬ ಅಂಕಿಯನ್ನು ರಾತ್ರಿ ಹೊತ್ತು ನೋಡಿ ದನಕರುಗಳನ್ನು ಏರಿಗೆ ಹೊಡೆಯಬೇಕೋ ಬೇಡವೋ ಎಂದು ನಿರ್ಧರಿಸಬೇಕಾದ ಊರ ಹಿರಿಯರಿಗೆ ಐದು ನಿಮಿಷಕ್ಕೊಮ್ಮೆ ತೂಕಡಿಸುವ ಬ್ರೌಸರು ಯಾವ ಉಪಯೋಗಕ್ಕೂ ಬಾರದು.

ಹಳೆಯದು ಏಕೆ ಕೆಲಸಕ್ಕೆ ಬಾರದಾಗುವದು

ಟಿಮ್ ಬರ್ನರ್ಸ್-ಲೀ ಎಂಬವರು ೧೯೯೦ರಲ್ಲಿ ಮೊದಲನೆಯ ಬ್ರೌಸರನ್ನು ರಚಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯ ‘ಇಂಟರ್ನೆಟ್ ಎಕ್ಸ್‌ಪ್ಲೋರರ್’ ೧೯೯೫ರಲ್ಲಿ ಬಂತು. ನೀಲಿಯ ‘ಇ’ ಅಕ್ಷರದ ಗುರುತುಳ್ಳ ಈ ಸಾಧನವು ವಿಂಡೋಸ್ ಯಂತ್ರದ ಸಂಗಡಲೇ ಬರುತ್ತಿದ್ದುದರಿಂದ ಅನೇಕರಿಗೆ ಅದೇ ಜಾಲವೆಂಬ ಭಾವನೆಯಾಗಿತ್ತು. ಅದರ ಕಡೆಯ ಆವೃತ್ತಿಯಾದ ೧೧ನೆಯದು ೨೦೧೩ರಲ್ಲಿ ಹೊರಬಿದ್ದಿತು. ೨೦೨೨ರ ಜೂನ್ ೧೫ಕ್ಕೆ ಸಂಸ್ಥೆಯು ಅದಕ್ಕೆ ನಿವೃತ್ತಿಯನ್ನು ಕೊಟ್ಟಿತು. ೨೦೨೩ರ ಫೆಬ್ರುವರಿ ೧೪ರಂದು ವಿಂಡೋಸ್ ೧೦ರ ಯಂತ್ರಗಳಲ್ಲಿ ಅದು ತೆರೆಯದಂತೆಯೇ ಮಾಡಿತು. ವಿಂಡೋಸ್ ೭ರ ಯಂತ್ರಗಳಲ್ಲಿ ಮಾತ್ರ ಅದು ಇನ್ನೂ ತೆರೆಯುವದುಂಟು. ತೆರೆಯುವದೆಂಬ ಮಾತ್ರಕ್ಕೆ ಉಪಯೋಗಿಸತಕ್ಕದ್ದೆಂದು ತಿಳಿಯಬಾರದು.

ಮುಖ್ಯ ಕಾರಣವು ಬೀಗದಲ್ಲಿದೆ. ಯಂತ್ರಕ್ಕೂ ದೂರದ ಸರ್ವರಿಗೂ ನಡುವೆ ಹೋಗಿಬರುವ ಮಾತನ್ನು ಮೂರನೆಯವನು ಓದದಂತೆ ಮುಚ್ಚಿ ಕಳಿಸುವ ಪದ್ಧತಿಗೆ ಟಿ.ಎಲ್.ಎಸ್. ಎಂದು ಹೆಸರು. ಅದರ ೧.೦ ಮತ್ತು ೧.೧ ಎಂಬ ಹಳೆಯ ಬಗೆಗಳು ಸಡಿಲಾದುವೆಂದು ಕಂಡುಬಂದುದರಿಂದ ದೊಡ್ಡ ಬ್ರೌಸರುಗಳೆಲ್ಲ ೨೦೨೦ರಲ್ಲಿ ಅವನ್ನು ಕೈಬಿಟ್ಟವು. ಬ್ಯಾಂಕು ಮೊದಲಾದವುಗಳ ಸರ್ವರು ೧.೨ ಅಥವಾ ೧.೩ರ ಬೀಗವನ್ನು ಕೇಳುವದು. ಹಳೆಯ ಸಾಧನದಲ್ಲಿ ಆ ಬೀಗದ ಕೈ ಇಲ್ಲದಿದ್ದರೆ ಬಾಗಿಲು ತೆರೆಯದು. ಇನ್ನೊಂದು ತೊಡಕೂ ಉಂಟು. ‘ಈ ತಾಣವು ನಿಜವಾದುದು’ ಎಂದು ಸಾಕ್ಷಿ ಹೇಳುವ ಮೂಲ ಪ್ರಮಾಣಪತ್ರಗಳ ಪಟ್ಟಿಯೊಂದು ಯಂತ್ರದೊಳಗೆ ಇರುತ್ತದೆ. ಪ್ರತಿಯೊಂದಕ್ಕೂ ಮುಗಿಯುವ ತಾರೀಖು ಇರುವದು. ೨೦೨೧ರ ಸಪ್ಟಂಬರ ೩೦ರಂದು ಹೀಗೆ ಒಂದು ಪ್ರಸಿದ್ಧ ಮೂಲಪತ್ರದ ಅವಧಿ ತೀರಿದಾಗ ಜಗತ್ತಿನಾದ್ಯಂತ ಹಳೆಯ ಯಂತ್ರಗಳೂ ಮೊಬೈಲುಗಳೂ ಸಾವಿರಾರು ಒಳ್ಳೆಯ ತಾಣಗಳನ್ನು ಅಪಾಯಕರವೆಂದು ಹೇಳಹತ್ತಿದವು. ಆ ಎಚ್ಚರಿಕೆಯನ್ನು ದಿನವೂ ಒತ್ತಿ ದಾಟುವ ರೂಢಿ ಬಿದ್ದವನು ನಿಜವಾದ ಮೋಸದ ಪುಟ ಬಂದಾಗಲೂ ಒತ್ತಿ ದಾಟುವನು. ಹಳೆಯ ಬ್ರೌಸರಿನಿಂದಾಗುವ ಕೇಡುಗಳಲ್ಲಿ ಇದೇ ದೊಡ್ಡದು. ನಿಧಾನವೆಂಬುದು ಅದರ ಮುಂದೆ ಸಣ್ಣದು.

ಹಗುರು ಎಂದರೆ ಏನು

ಬ್ರೌಸರಿನ ಭಾರವನ್ನು ತೂಗುವದು ಅದು ಹಿಡಿಯುವ ಸ್ಮೃತಿಯಿಂದ, ಅಂದರೆ ರ್‍ಯಾಮಿನಿಂದ. ಗೂಗಲ್ ಸಂಸ್ಥೆಯ ‘ಕ್ರೋಮ್’ ೨೦೦೮ರಲ್ಲಿ ಬಂದಾಗ ಒಂದೊಂದು ಪುಟವನ್ನೂ ಬೇರೆ ಬೇರೆ ಕೋಣೆಯಲ್ಲಿ ನಡೆಸುವ ಪದ್ಧತಿಯನ್ನು ತಂದಿತು. ಕಬ್ಬಿನ ಹೊಲದಲ್ಲಿ ಮಡಿಮಡಿಗೂ ಬದು ಹಾಕಿದಂತೆ ಇದು. ಒಂದು ಮಡಿಯ ಒಡ್ಡು ಒಡೆದರೆ ಉಳಿದವು ಕೆಡವು. ಆದರೆ ಬದುವಿಗೆ ಭೂಮಿ ಹೋಗುವದಷ್ಟೆ? ಹಾಗೆಯೇ ಇಲ್ಲಿ ಸ್ಮೃತಿ ಹೋಗುವದು. ಈಗಿನ ಬ್ರೌಸರುಗಳೆಲ್ಲವೂ ಹೆಚ್ಚು ಕಡಿಮೆ ಈ ಪದ್ಧತಿಯನ್ನೇ ಹಿಡಿದಿವೆ. ಆದ್ದರಿಂದ ೨ ಜಿ.ಬಿ. ಸ್ಮೃತಿಯ ಯಂತ್ರದಲ್ಲಿ ಹತ್ತು ಪುಟಗಳನ್ನು ಏಕಕಾಲಕ್ಕೆ ತೆರೆದಿಟ್ಟವನು ಯಾವ ಬ್ರೌಸರನ್ನು ಹಾಕಿದರೂ ಸುಖಪಡಲಾರನು.

ಹಗುರುತನವೊಂದನ್ನೇ ನೋಡಿ ಆರಿಸುವದೂ ತಪ್ಪು. ‘ಡಿಲ್ಲೋ’ ಎಂಬ ಅತಿ ಸಣ್ಣ ಬ್ರೌಸರೊಂದಿದೆ. ಎಷ್ಟು ಹಳೆಯ ಯಂತ್ರವಾದರೂ ಅದನ್ನು ಹೊರುವದು. ಆದರೆ ಅದಕ್ಕೆ ಜಾವಾಸ್ಕ್ರಿಪ್ಟ್ ತಿಳಿಯದು. ಸರ್ವೆ ನಂಬರನ್ನು ಆರಿಸಿ ಗುಂಡಿ ಒತ್ತಿದೊಡನೆ ಉತ್ತರ ತರುವ ಪುಟಗಳೆಲ್ಲ ಜಾವಾಸ್ಕ್ರಿಪ್ಟಿನ ಬಲದಿಂದ ನಡೆಯತಕ್ಕವು. ಆದ್ದರಿಂದ ಉತಾರ ನೋಡುವದಕ್ಕೆ ಅದು ನಿರುಪಯೋಗಿ. ಹಗುರಾದ ಮರದ ನೇಗಿಲು ಕೃಷ್ಣೆಯ ದಂಡೆಯ ಎರೆ ಭೂಮಿಯಲ್ಲಿ ಕರಿಕೆಯ ಬೇರನ್ನು ಕೀಳಲಾರದಷ್ಟೆ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಮೊದಲುಮಾಡಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಂದಾಗ, ಕಬ್ಬಿಣ ತಗಲಿದರೆ ಭೂಮಿಗೆ ವಿಷವಾಗುವದೆಂದು ಒಕ್ಕಲಿಗರು ಹೆದರಿದ್ದರೆಂದು ಹೇಳುವರು. ಹೊಸ ಬ್ರೌಸರಿನ ವಿಷಯದಲ್ಲಿಯೂ ಅಂಥ ಹೆದರಿಕೆಯೇ ಕೆಲವರಲ್ಲಿ ಕಾಣುವದು. ಅದನ್ನು ಹಾಕಿದರೆ ಹಳೆಯ ಕಾಗದಗಳು ಅಳಿದುಹೋಗುವವೆಂದು ಅವರ ಎಣಿಕೆ. ಒಂದೇ ಯಂತ್ರದಲ್ಲಿ ಎರಡು ಮೂರು ಬ್ರೌಸರುಗಳು ಜಗಳವಿಲ್ಲದೆ ಇರಬಲ್ಲವು.

ಪರೀಕ್ಷೆಯ ಕ್ರಮ

ಬೀಜದ ಪರೀಕ್ಷೆಯನ್ನು ಮಾಡುವವನು ಒಂದೇ ಹೊಲ, ಒಂದೇ ಗೊಬ್ಬರ, ಒಂದೇ ನೀರು ಇಟ್ಟು ತಳಿಯನ್ನು ಮಾತ್ರ ಬದಲಿಸುವನು. ಬ್ರೌಸರಿಗೂ ಅದೇ ನ್ಯಾಯ. ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ, ಉಳಿದೆಲ್ಲವನ್ನೂ ಮುಚ್ಚಿ, ಉತಾರದ ಪುಟ, ಬ್ಯಾಂಕಿನ ಪುಟ, ಪೇಟೆಯ ಧಾರಣೆಯ ಪುಟ ಈ ಮೂರನ್ನು ಮೊದಲು ಒಂದು ಬ್ರೌಸರಿನಲ್ಲಿ, ಬಳಿಕ ಇನ್ನೊಂದರಲ್ಲಿ ತೆರೆಯತಕ್ಕದ್ದು. ಗುಂಡಿ ಒತ್ತಿದಂದಿನಿಂದ ಪುಟವು ಓದುವಂತಾಗುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು. ಮೊದಲ ಸಲ ತೆರೆದ ಲೆಕ್ಕವನ್ನೂ ಎರಡನೆಯ ಸಲದ ಲೆಕ್ಕವನ್ನೂ ಕೂಡಿಸಬಾರದು. ಯಾಕಂದರೆ ಮೊದಲ ಸಲ ಬಂದ ಚಿತ್ರ ಮೊದಲಾದವನ್ನು ಬ್ರೌಸರು ತನ್ನ ಕಣಜದಲ್ಲಿ ಕೂಡಿಟ್ಟುಕೊಂಡು ಎರಡನೆಯ ಸಲ ಅಲ್ಲಿಂದಲೇ ತೆಗೆದುಕೊಡುವದು. ಸಂಜೆ ಊರೆಲ್ಲ ಮೊಬೈಲು ನೋಡುವ ಹೊತ್ತಿನಲ್ಲಿ ಜಾಲವು ನಿಧಾನವಾಗುವದರಿಂದ ಒಂದನ್ನು ಮುಂಜಾನೆ, ಒಂದನ್ನು ಸಂಜೆ ಪರೀಕ್ಷಿಸಿದರೆ ತೀರ್ಪು ಸುಳ್ಳಾಗುವದು. ಸರತಿಯ ಮೇಲೆ ಮೂರು ಮೂರು ಸಲ ಮಾಡಿದರೆ ಸಾಕು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಗುಂಡಿಗಳನ್ನು ಕೂಡಿಸಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವದು. ಯಾವ ಬ್ರೌಸರು ಎಷ್ಟು ಸ್ಮೃತಿಯನ್ನು ನುಂಗಿದೆಯೆಂಬುದು ಅಲ್ಲಿ ಕಾಣುವದು.

ಅಕ್ಷರಗಳ ಪರೀಕ್ಷೆಯನ್ನೂ ಮರೆಯಬಾರದು. ಗಡಿಯ ಭಾಗದಲ್ಲಿ ಇತ್ತ ಉತಾರ, ಅತ್ತ ಮಹಾರಾಷ್ಟ್ರದ ಸಾತ್‌ಬಾರಾ ಎರಡನ್ನೂ ನೋಡಬೇಕಾದ ಭೂಮಾಲೀಕರಿದ್ದಾರೆ. ಕನ್ನಡ, ಮರಾಠಿ ಎರಡೂ ಲಿಪಿಗಳು ನೆಟ್ಟಗೆ ಮೂಡಬೇಕು. ಹಳೆಯ ಸಾಧನಗಳಲ್ಲಿ ಅಕ್ಷರಗಳ ಬದಲಿಗೆ ಚೌಕಗಳು ಕಾಣುವವು, ಇಲ್ಲವೆ ಒತ್ತಕ್ಷರವು ಕಳಚಿಬೀಳುವದು. ‘ಚಿಕ್ಕೋಡಿ’, ‘ನಿಪ್ಪಾಣಿ’ ಎಂಬ ಎರಡು ಹೆಸರುಗಳು ಸರಿಯಾಗಿ ಕಂಡರೆ ಒತ್ತಕ್ಷರದ ಮಟ್ಟಿಗೆ ಚಿಂತೆಯಿಲ್ಲ.

ಯಾವುದನ್ನು ಆರಿಸಬೇಕು

ವಿಂಡೋಸ್ ೧೦ ಅಥವಾ ೧೧ ಇದ್ದು ೪ ಜಿ.ಬಿ. ಇಲ್ಲವೆ ಹೆಚ್ಚಿನ ಸ್ಮೃತಿಯುಳ್ಳ ಯಂತ್ರವಿದ್ದವರಿಗೆ ಹೆಚ್ಚು ಯೋಚನೆ ಬೇಡ. ಅದರಲ್ಲಿಯೇ ಇರುವ ‘ಎಡ್ಜ್’ ಎಂಬುದು ಸಾಕಷ್ಟು ವೇಗದ್ದು. ಬಹಳ ಹೊತ್ತು ಮುಟ್ಟದ ಪುಟಗಳನ್ನು ತಾನೇ ಮಲಗಿಸಿ ಸ್ಮೃತಿಯನ್ನು ಉಳಿಸುವದು. ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವ ಹಳೆಯ ಪುಟವೊಂದು ಸಹಕಾರಿ ಸಂಘದ ಲೆಕ್ಕಪತ್ರಕ್ಕೆ ಬೇಕಾಗಿದ್ದರೆ ಎಡ್ಜಿನೊಳಗಿನ ‘ಐ.ಇ. ಮೋಡ್’ ಅದನ್ನು ತೆರೆಯುವದು. ೨೦೨೯ರವರೆಗಾದರೂ ಆ ಸೌಕರ್ಯವನ್ನು ಇಡುವೆವೆಂದು ಸಂಸ್ಥೆಯು ಹೇಳಿದೆ. ವಿಂಡೋಸ್ ೧೦ರ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ ೧೪ಕ್ಕೆ ಮುಗಿದರೂ ಅದರ ಮೇಲಿನ ಎಡ್ಜಿಗೆ ೨೦೨೮ರ ಅಕ್ಟೋಬರದವರೆಗಾದರೂ ತಿದ್ದುಪಡಿಗಳು ಬರತಕ್ಕವಾಗಿವೆ.

ಎರಡನೆಯದು ೨೦೦೪ರಲ್ಲಿ ಬಂದ ‘ಫೈರ್‌ಫಾಕ್ಸ್’. ಅನೇಕ ಪುಟಗಳ ಭಾರವು ಪುಟದ್ದಲ್ಲ, ಅದಕ್ಕೆ ಅಂಟಿಕೊಂಡ ಜಾಹೀರಾತುಗಳದ್ದು. ‘ಯೂಬ್ಲಾಕ್ ಆರಿಜಿನ್’ ಎಂಬ ಕಳೆಗುದ್ದಲಿಯನ್ನು ಫೈರ್‌ಫಾಕ್ಸಿಗೆ ಜೋಡಿಸಿದರೆ ಆ ಕಳೆಯು ಹೋಗಿ ಪುಟವು ಬೇಗ ತೆರೆಯುವದು. ಕ್ರೋಮಿನಲ್ಲಿ ಇದೇ ಸಾಧನದ ಪೂರ್ಣ ರೂಪವು ಈಗ ನಡೆಯದು. ಕನ್ನಡದಲ್ಲಿಯೇ ಸೂಚನೆಗಳನ್ನು ಓದಬೇಕೆಂಬವರಿಗೆ ಫೈರ್‌ಫಾಕ್ಸಿನ ಕನ್ನಡ ಆವೃತ್ತಿಯೂ ಇದೆ. ಕ್ರೋಮ್ ಕೆಟ್ಟದ್ದೆಂದಲ್ಲ, ಬಹುಮಟ್ಟಿನ ತಾಣಗಳನ್ನು ಕಟ್ಟುವವರು ಅದರಲ್ಲಿಯೇ ಪರೀಕ್ಷಿಸುವದರಿಂದ ಒಂದು ಪುಟವು ಫೈರ್‌ಫಾಕ್ಸಿನಲ್ಲಿ ಮೊಂಡುಹಿಡಿದರೆ ಕ್ರೋಮಿನಲ್ಲಿ ಅಥವಾ ಎಡ್ಜಿನಲ್ಲಿ ನೋಡುವದು ಯೋಗ್ಯ. ಈ ಎರಡರ ಒಡಲೂ ಕ್ರೋಮಿಯಮ್ ಎಂಬ ಒಂದೇ ಮೂಲದ್ದು.

ನಿಜವಾದ ತೊಡಕು ವಿಂಡೋಸ್ ೭ರ ಹಳೆಯ ಯಂತ್ರದವರಿಗೆ. ಆ ಪದ್ಧತಿಯ ರಕ್ಷಣೆಯು ೨೦೨೦ರ ಜನವರಿ ೧೪ಕ್ಕೆ ಮುಗಿಯಿತು. ಅದರಲ್ಲಿ ನಡೆಯುವ ಕಡೆಯ ಕ್ರೋಮ್ ೧೦೯ನೆಯದು, ೨೦೨೩ರ ಜನವರಿಯದು. ಫೈರ್‌ಫಾಕ್ಸಿನ ೧೧೫ನೆಯ ದೀರ್ಘಾವಧಿ ಆವೃತ್ತಿಯನ್ನು ಮಾತ್ರ ಹಳೆಯ ಯಂತ್ರದವರಿಗಾಗಿ ಮತ್ತೆ ಮತ್ತೆ ಮುಂದುವರಿಸುತ್ತ ಬಂದರು. ಅದು ಹಳೆಯ ಚಕ್ಕಡಿಗೆ ಹೊಸ ಹಳಿ ಕಟ್ಟಿದಂತೆ. ಇಂಥವರು ಬ್ರೌಸರನ್ನಷ್ಟೇ ಬದಲಿಸದೆ ಯಂತ್ರದ ಬುಡವನ್ನೇ ಬದಲಿಸುವದು ಲೇಸು. ‘ಲಿನಕ್ಸ್ ಮಿಂಟ್’ ಎಂಬ ಪದ್ಧತಿಯ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರಾದ ಬಗೆಯು ಕನಿಷ್ಠ ೨ ಜಿ.ಬಿ. ಸ್ಮೃತಿಯಲ್ಲಿ ನಡೆಯುವದು, ೪ ಇದ್ದರೆ ಉತ್ತಮ, ಹಣ ಕೊಡಬೇಕಾಗಿಲ್ಲ, ಹೊಸ ಫೈರ್‌ಫಾಕ್ಸ್ ಅದರ ಸಂಗಡಲೇ ಬರುವದು. ಆದರೆ ಸಂಘದ ಸಹಿಯ ಸಾಧನವೂ ಮುದ್ರಣಯಂತ್ರವೂ ಅದರಲ್ಲಿ ನಡೆಯುವವೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡುವ ಸೌಕರ್ಯವಿರುವದರಿಂದ ಹಳೆಯದನ್ನು ಅಳಿಸುವ ಮೊದಲೇ ಪರೀಕ್ಷೆ ಸಾಧ್ಯ. ೬೪ ಬಿಟ್ಟಿನದಲ್ಲದ ಯಂತ್ರಕ್ಕೆ ಹೊಸ ಮಿಂಟ್ ಬಾರದು. ಅಂಥದರ ಮೇಲೆ ಹಣ ಸುರಿಯುವದು ಮುದಿ ಎತ್ತಿಗೆ ಹಿಂಡಿ ಹಾಕಿದಂತೆ.

ಮೊಬೈಲಿನ ಸಂಗತಿ ಸ್ವಲ್ಪ ಬೇರೆ. ಹಳೆಯ ಆಂಡ್ರಾಯ್ಡ್ ಮೊಬೈಲುಗಳಿಗೆ ಕ್ರೋಮಿನ ಹೊಸ ಆವೃತ್ತಿಗಳು ಬರುವದು ನಿಂತಿದೆ. ೨೦೨೫ರಲ್ಲಿ ಬಂದ ೧೩೯ನೆಯದಕ್ಕೆ ಆಂಡ್ರಾಯ್ಡ್ ೧೦ ಬೇಕು. ‘ಲೈಟ್ ಮೋಡ್’ ಹಾಕಿಕೊಳ್ಳಿರೆಂದು ಈಗಲೂ ಬುದ್ಧಿ ಹೇಳುವವರುಂಟು. ಕ್ರೋಮಿನಿಂದ ಅದನ್ನು ೨೦೨೨ರಲ್ಲಿಯೇ ತೆಗೆದುಹಾಕಿದ್ದಾರೆ. ಸಿಗ್ನಲು ಬಡವಾದ ಊರುಗಳಲ್ಲಿ ‘ಒಪೆರಾ ಮಿನಿ’ ಧಾರಣೆ, ಹವಾಮಾನ, ನೀರಿನ ಮಟ್ಟ ನೋಡುವದಕ್ಕೆ ಒಳ್ಳೆಯದು. ಪುಟವನ್ನು ತನ್ನ ಸರ್ವರಿನಲ್ಲಿ ತೆರೆದು, ಹಿಂಡಿ, ಸಣ್ಣದಾಗಿ ಮಾಡಿ ಕಳಿಸುವದು. ಆದರೆ ಅತಿ ಉಳಿತಾಯದ ಆ ಕ್ರಮದಲ್ಲಿ ನಡುವೆ ಒಬ್ಬ ದಲಾಲನು ನಿಂತಂತಾಯಿತು. ಪೇಟೆಯ ದಲಾಲನಿಗೆ ಮಾಲು ತೋರಿಸಬಹುದು, ತಿಜೋರಿಯ ಕೀಲಿಕೈ ಕೊಡಲಾಗದು. ಬ್ಯಾಂಕಿನ ಗುಪ್ತಪದವನ್ನೂ ಓ.ಟಿ.ಪಿ.ಯನ್ನೂ ಅದರಲ್ಲಿ ಬರೆಯಬಾರದು. ‘ಯು.ಸಿ. ಬ್ರೌಸರ್’ ಎಂಬುದನ್ನು ಭಾರತ ಸರಕಾರವು ೨೦೨೦ರ ಜೂನ್ ೨೯ರಂದು ಬೇರೆ ೫೮ ಸಾಧನಗಳ ಸಂಗಡ ನಿಷೇಧಿಸಿದೆ. ಹಳೆಯ ಮೊಬೈಲಿನಲ್ಲಿ ಅದು ಇನ್ನೂ ಕುಳಿತಿದ್ದರೆ ತೆಗೆದುಹಾಕತಕ್ಕದ್ದು.

ಬದಲಿಸುವಾಗಿನ ಎಚ್ಚರ

ಬ್ರೌಸರನ್ನು ಅದನ್ನು ಮಾಡಿದ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಬೇರೆ ಯಾವುದೋ ಪುಟವನ್ನು ನೋಡುತ್ತಿರುವಾಗ ‘ನಿಮ್ಮ ಬ್ರೌಸರು ಹಳೆಯದಾಗಿದೆ, ಇಲ್ಲಿ ಒತ್ತಿರಿ’ ಎಂದು ತಾನಾಗಿ ಏಳುವ ಕರೆಗಳನ್ನು ನಂಬಲಾಗದು. ಬೆಳೆಯ ಹಣವಿರುವ ಖಾತೆಗೆ ಕನ್ನ ಹಾಕುವವರ ಹಳೆಯ ಹೂಟವದು. ಕರ್ನಾಟಕ ಸರಕಾರದ ತಾಣಗಳ ವಿಳಾಸವು ಸಾಧಾರಣವಾಗಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುವದು. ‘ಗವ್ ಡಾಟ್ ಇನ್’ ಎಂಬ ಬಾಲವು ಸರಕಾರದ ಸಂಸ್ಥೆಗಳಿಗಲ್ಲದೆ ಪರರಿಗೆ ಸಿಗುವದಿಲ್ಲ. ವಿಳಾಸವನ್ನು ಓದುವಾಗ ತಲೆಯನ್ನು ನೋಡದೆ ಬಾಲವನ್ನು ನೋಡಬೇಕು. ತಲೆಯಲ್ಲಿ ಯಾರು ಬೇಕಾದರೂ ‘ಭೂಮಿ’ ಎಂದು ಬರೆದುಕೊಳ್ಳಬಲ್ಲರು.

ಹಳೆಯ ಬ್ರೌಸರಿನಲ್ಲಿ ಕೂಡಿಟ್ಟ ವಿಳಾಸಗಳನ್ನು ಹೊಸದು ತಾನೇ ಎಳೆದುಕೊಳ್ಳುವ ಏರ್ಪಾಡಿದೆ. ಗುಪ್ತಪದಗಳನ್ನು ಮಾತ್ರ ಒಮ್ಮೆ ಮನೆಯ ಕಡತಕ್ಕೆ ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡ ಬಳಿಕವೇ ಹಳೆಯದನ್ನು ತೆಗೆಯುವದು ಯೋಗ್ಯ. ನಾಲ್ಕು ಜನ ಮುಟ್ಟುವ ಪಂಚಾಯತಿಯ ಅಥವಾ ಸಂಘದ ಯಂತ್ರದಲ್ಲಿ ‘ಗುಪ್ತಪದವನ್ನು ನೆನಪಿಡಲೇ?’ ಎಂದು ಬ್ರೌಸರು ಕೇಳಿದರೆ ಬೇಡವೆಂದೇ ಉತ್ತರ ಕೊಡತಕ್ಕದ್ದು. ಹಣವು ಮೋಸದಿಂದ ಹೋದರೆ ಮರುದಿನದ ದಾರಿ ನೋಡದೆ ಆ ಗಳಿಗೆಯಲ್ಲಿಯೇ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಬೇಕು.

ಈ ಬದಲಾವಣೆಯನ್ನು ವಿಮೆಯ ಅರ್ಜಿಯ ಕೊನೆಯ ದಿವಸಕ್ಕೆ ಇಟ್ಟುಕೊಳ್ಳಬಾರದು. ಕಬ್ಬು ನುರಿಸುವ ಹಂಗಾಮು ಮುಗಿದು ಮುಂಗಾರು ಮೊದಲಾಗುವದಕ್ಕಿಂತ ಮುಂಚಿನ ಬಿಡುವಿನ ದಿನಗಳು ಇದಕ್ಕೆ ಅನುಕೂಲ. ಆಗ ಹೊಸದನ್ನು ಹಾಕಿ, ತಮ್ಮ ಸರ್ವೆ ನಂಬರಿನ ಉತಾರವನ್ನು ಅದರಲ್ಲಿ ಒಮ್ಮೆ ತೆಗೆದು, ಕ್ಷೇತ್ರ, ಆಕಾರ, ಬೆಳೆಯ ಕಾಲಮುಗಳನ್ನು ಹಳೆಯ ಪ್ರತಿಯೊಡನೆ ತಾಳೆನೋಡಿದರೆ ಬ್ರೌಸರಿನ ಪರೀಕ್ಷೆಯೂ ಆಗುವದು, ಉತಾರದಲ್ಲಿ ತಪ್ಪಿದ್ದರೆ ತಿದ್ದುಪಡಿಯ ಅರ್ಜಿ ಕೊಡುವದಕ್ಕೆ ವೇಳೆಯೂ ಸಿಗುವದು.