ಮೆಚ್ಚುಗೆಯ ಮಾತು, ಅಡಚಣೆಯ ಮಾತು: ಉದ್ಯಮಿಗಳಿಗೊಂದು ಇಂಗ್ಲಿಷ್ ಪಾಠ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಾಗಲಿ, ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ, ಹೊರರಾಜ್ಯದ ಇಂಜಿನಿಯರುಗಳೊಡನೆ ಮತ್ತು ಹೊರದೇಶದ ಗ್ರಾಹಕರೊಡನೆ ವ್ಯವಹರಿಸಲು ಇಂಗ್ಲಿಷ್ ಬೇಕಾಗುತ್ತದೆ. ಬೆಲೆ ಹೇಳುವಷ್ಟು, ಆದೇಶ ನೀಡುವಷ್ಟು ಇಂಗ್ಲಿಷ್ ಹೆಚ್ಚಿನ ಉದ್ಯಮಿಗಳಿಗೆ ರೂಢಿಯಲ್ಲಿದೆ. ಮೆಚ್ಚುವಾಗ ಹಾಗೂ ತೊಂದರೆಯನ್ನು ತಿಳಿಸುವಾಗ ಮಾತ್ರ ಪದಗಳು ತಡವರಿಸುತ್ತವೆ. ಈ ಕೊರತೆಯಿಂದ ನುರಿತ ಕೆಲಸಗಾರರ ಉತ್ಸಾಹವೂ ಗ್ರಾಹಕರ ವಿಶ್ವಾಸವೂ ಕುಗ್ಗಬಹುದು.

1. ಮೆಚ್ಚುಗೆ

'ವೆಲ್ ಡನ್' ಎಂಬುದು ಮುಗಿದ ಕೆಲಸಕ್ಕೆ ಸಲ್ಲುತ್ತದೆ; 'ಕೀಪ್ ಇಟ್ ಅಪ್' ಎಂಬುದು ನಡೆಯುತ್ತಿರುವ ಕೆಲಸಕ್ಕೆ. ಕಾರಣವನ್ನೂ ಸೇರಿಸಿದರೆ ಮಾತಿಗೆ ತೂಕ ಬರುತ್ತದೆ: 'ವೆಲ್ ಡನ್, ಯು ಫೌಂಡ್ ದಿ ಡಿಫೆಕ್ಟ್ ಬಿಫೋರ್ ಡಿಸ್ಪ್ಯಾಚ್'. ಸರಕು ಹೊರಡುವ ಮುನ್ನವೇ ದೋಷವನ್ನು ಕಂಡುಹಿಡಿದಿರಿ ಎಂದು ಇದರ ಅರ್ಥ.

ಗ್ರಾಹಕರ ಮೆಚ್ಚುಗೆಯನ್ನೂ ಅಳೆದು ನೋಡಬೇಕು. 'ಕ್ವೈಟ್ ಗುಡ್' ಎಂದರೆ ಅಮೆರಿಕದವರಿಗೆ ಸಾಮಾನ್ಯವಾಗಿ 'ಬಹಳ ಚೆನ್ನಾಗಿದೆ'. ಬ್ರಿಟಿಷರ ಬಾಯಲ್ಲಿ ಅದು ಹಲವೊಮ್ಮೆ 'ಪರವಾಗಿಲ್ಲ' ಎಂಬಷ್ಟೇ. ಮಾದರಿಯನ್ನು ನೋಡಿ ಹೀಗೆಂದವರನ್ನು 'ವಾಟ್ ಶುಡ್ ವಿ ಇಂಪ್ರೂವ್?' ಎಂದು ಕೇಳುವುದು ಲೇಸು.

2. ಕೆಲಸಗಾರರ ಅಡಚಣೆ

'ವೈ ಡಿಡ್ ಯು ಡು ದಿಸ್?' ಎಂಬ ಪ್ರಶ್ನೆ ಆಪಾದನೆಯಂತೆ ಕೇಳಿಸುತ್ತದೆ. ಕೆಲಸಗಾರ ತಪ್ಪನ್ನು ಮುಚ್ಚಿಡಲು ತೊಡಗುತ್ತಾನೆ. 'ವಾಟ್ ವೆಂಟ್ ರಾಂಗ್?' ಎಂದರೆ ಗಮನ ವ್ಯಕ್ತಿಯಿಂದ ಕೆಲಸದ ಕಡೆಗೆ ಹೊರಳುತ್ತದೆ. ಅನಂತರ 'ಹೌ ಕ್ಯಾನ್ ಐ ಹೆಲ್ಪ್?' ಎನ್ನಬಹುದು. 'ಹ್ಯಾಂಗ್ ಇನ್ ದೇರ್' ಎಂದರೆ ನೇತಾಡುವುದಲ್ಲ, ಧೈರ್ಯಗೆಡದೆ ಮುಂದುವರಿಯುವುದು. ಇದು ಸಲುಗೆಯ ಮಾತು. ವ್ಯವಹಾರ ಪತ್ರಗಳಿಗೆ ಒಪ್ಪುವುದಿಲ್ಲ.

3. ಗ್ರಾಹಕರಿಗೆ ಉತ್ತರ

ನಮ್ಮಲ್ಲಿ ಪ್ರಶ್ನೆಯೆಂಬ ಅರ್ಥದಲ್ಲಿ ಬಳಸುವ 'ಐ ಹ್ಯಾವ್ ಎ ಡೌಟ್' ಹೊರದೇಶದವರಿಗೆ ಅಪನಂಬಿಕೆಯಂತೆ ತೋರಬಹುದು. 'ಐ ಹ್ಯಾವ್ ಎ ಕ್ವೆಶ್ಚನ್' ಎನ್ನುವುದೇ ಸರಿ. ಸರಕು ತಡವಾಗುವಾಗ 'ನೋ ಪ್ರಾಬ್ಲಮ್', 'ವಿ ವಿಲ್ ಟ್ರೈ ಅವರ್ ಬೆಸ್ಟ್' ಎಂಬ ಉತ್ತರಗಳಲ್ಲಿ ದಿನಾಂಕವೇ ಇರುವುದಿಲ್ಲ. 'ವಿ ಆರ್ ಫೋರ್ ಡೇಸ್ ಲೇಟ್. ವಿ ವಿಲ್ ಡಿಸ್ಪ್ಯಾಚ್ ಆನ್ ದಿ ಟ್ವೆಂಟಿಯತ್' ಎಂದು ಮುಂಚಿತವಾಗಿಯೇ ಬರೆದರೆ, ಗ್ರಾಹಕರು ತಮ್ಮ ಉತ್ಪಾದನೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು ಅವಕಾಶವಾಗುತ್ತದೆ.

ಅಭ್ಯಾಸ: ಈ ವಾರ ಒಬ್ಬ ಕೆಲಸಗಾರನನ್ನು ಕಾರಣಸಹಿತ ಮೆಚ್ಚುವ ಒಂದು ವಾಕ್ಯವನ್ನೂ, ತಡವಾಗಿರುವ ಒಂದು ಸರಕಿನ ಬಗ್ಗೆ ದಿನಾಂಕಸಹಿತ ಎರಡು ವಾಕ್ಯಗಳನ್ನೂ ಬರೆದು, ಗಟ್ಟಿಯಾಗಿ ಓದಿ ರೂಢಿಸಿಕೊಳ್ಳಿರಿ.