ಮನೋರಿಯ ಉಸುಕಿನ ದಂಡೆ: ನೋಡಹೋಗುವವರಿಗೊಂದು ಪಾಠ

ನಮ್ಮ ವಾಚನಾಲಯದ ಬಂಧುಗಳಲ್ಲಿ ಅನೇಕರು ಮುಂಬಯಿಗೆ ಬಂದು ಹತ್ತು ಹನ್ನೆರಡು ವರ್ಷಗಳಾದರೂ ಸಮುದ್ರವೆಂದರೆ ಚೌಪಾಟಿ, ಜುಹೂ ಇಷ್ಟನ್ನೇ ಬಲ್ಲವರು. ಅಲ್ಲಿ ಸಮುದ್ರಕ್ಕಿಂತ ಭೇಳಪುರಿಯ ಗಾಡಿಗಳೇ ಹೆಚ್ಚು ಕಾಣುತ್ತವೆ. ಗದ್ದಲವಿಲ್ಲದ ದಂಡೆ ಯಾವುದಿದೆ ಎಂದು ಕೇಳಿದವರಿಗೆ ನಾನು ಮನೋರಿಯ ಹೆಸರು ಹೇಳುವುದುಂಟು. ಆದರೆ ಹೆಸರಿನ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಬೈಸಿಕೊಂಡು.

ಹೋಗುವ ದಾರಿ ಸುಲಭ. ಪಶ್ಚಿಮ ರೇಲ್ವೆಯ ಮಲಾಡ ನಿಲ್ದಾಣದಲ್ಲಿಳಿದು, ಪಡುವಣ ಬದಿಯಿಂದ ಮಾರ್ವೆಗೆ ಬಸ್ಸು ಹಿಡಿಯಬೇಕು. ಮಾರ್ವೆಯಲ್ಲಿ ಖಾಡಿ ಅಡ್ಡ ಬರುತ್ತದೆ. ಖಾಡಿಯೆಂದರೆ ಸಮುದ್ರದ ನೀರು ನೆಲದೊಳಕ್ಕೆ ಚಾಚಿದ ಕವಲು. ಅದನ್ನು ದೋಣಿಯಲ್ಲಿ ದಾಟಲು ಕೆಲವೇ ನಿಮಿಷ ಸಾಕು. ಆಚೆಯ ದಡವೇ ಮನೋರಿ. ಊರನ್ನು ದಾಟಿ ಪಡುವಣಕ್ಕೆ ನಡೆದರೆ ಮರಗಳ ಸಾಲು, ಅದರಾಚೆ ಉದ್ದನೆಯ ಉಸುಕಿನ ದಂಡೆ.

ಮಾಘಮಾಸದ ಒಂದು ಭಾನುವಾರ ನಾವು ಒಂಬತ್ತು ಮಂದಿ ಹೋಗಿದ್ದೆವು. ವಿಜಾಪುರದ ಕಡೆಯ ಹಿರಿಯರೊಬ್ಬರು, ನಾವೆಲ್ಲ ಕಾಕಾ ಎಂದು ಕರೆಯುವವರು, ಜೊತೆಗಿದ್ದರು. ಉಡುಪಿ ಕಡೆಯ ತರುಣನೊಬ್ಬನಿದ್ದ. ಒಂಬತ್ತು ಗಂಟೆಗೆ ನೀರಿನ ಸಮೀಪವೇ ಜಮಖಾನೆ ಹಾಸಿ ಬುತ್ತಿಯ ಗಂಟುಗಳನ್ನಿಟ್ಟು ಕುಳಿತೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನೀರು ಬಂದು ಜಮಖಾನೆಯ ಅಂಚನ್ನು ನೆನೆಸಿತು. ಹಿಂದೆ ಸರಿದೆವು, ಮತ್ತೆ ಬಂತು. ಕೊನೆಗೆ ಗಂಟುಗಳನ್ನೆತ್ತಿಕೊಂಡು ಮೇಲೆ ಮನೆಗಳ ಹತ್ತಿರ ಕಂಡ ಒಣ ನೆಲಕ್ಕೆ ಓಡಿದೆವು. ಎಲ್ಲರಿಗಿಂತ ಮುಂದೆ ನಾನು. ಕಾಲ ಕೆಳಗೆ ಏನೋ ಚರಚರ ಎಂದಿತು. ಬಗ್ಗಿ ನೋಡಿದರೆ ಹೊಟ್ಟಿನಂತೆ ಹಗುರಾದ, ನಸುಗೆಂಪು ಬಣ್ಣದ ಪದಾರ್ಥವನ್ನು ಅಗಲವಾಗಿ ಹರವಿದ್ದರು. ಅದು ಜವಳಾ, ಅಂದರೆ ಬೆರಳಿನ ಗೆಣ್ಣಿನಷ್ಟೂ ಉದ್ದವಿಲ್ಲದ ಸಣ್ಣ ಸೀಗಡಿ. ಬಿಸಿಲಿಗೆ ಒಣಹಾಕಿದ್ದು.

ಅಲ್ಲಿ ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬರು ಪೊರಕೆ ಹಿಡಿದೇ ಬಂದರು. ಅವರಾಡಿದ ಮರಾಠಿ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನಾನು "ಕಾಣಲಿಲ್ಲ ಮಾವಶಿ" ಎಂದು ತೊದಲಿದೆ. ಕಾಕಾ ನನ್ನ ಪರ ವಹಿಸಲಿಲ್ಲ. "ಏ ತಮ್ಮಾ, ಮದ್ಲ ಚಪ್ಪಲಿ ಕಳಿ. ಇದು ಕಣ ಐತಿ, ಕಾಣಂಗಿಲ್ಲೇನ?" ಎಂದುಬಿಟ್ಟರು.

ಜೋಳದ ನಾಡಿನಿಂದ ಬಂದವರಿಗೆ ಕಣದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾರಿಸಿದ ಕಣಕ್ಕೆ ಯಾರೂ ಕೆರ ಮೆಟ್ಟಿ ಹೋಗುವುದಿಲ್ಲ. ರಾಶಿಗೆ ಪೂಜೆಯಾಗದೆ ಕಾಳು ಮನೆಗೆ ಬರುವುದಿಲ್ಲ. ನಾನು ಬರಿಯ ಉಸುಕು ಎಂದುಕೊಂಡು ತುಳಿದ ಜಾಗ ಆ ತಾಯಿಯ ಕಣವಾಗಿತ್ತು. ರೊಕ್ಕ ಕೊಡಹೋದೆ, ಮುಟ್ಟಲಿಲ್ಲ. "ತುಳಿದದ್ದನ್ನು ನಾನು ಮಾರುವುದಿಲ್ಲ. ಬೇಕಾದರೆ ತುಳಿಯದ್ದನ್ನು ಕೊಂಡುಹೋಗು" ಎಂದರು. ತುಳಿದ ಪಾಲನ್ನು ಗುಡಿಸಿ ಗೊಬ್ಬರಕ್ಕೆಂದು ಬೇರೆ ಗುಡ್ಡೆ ಮಾಡಿದರು. ಅದು ಎರಡು ಬೊಗಸೆಗೆ ಕಡಿಮೆಯಿರಲಿಲ್ಲ. ನಾನು ಅರ್ಧ ಕಿಲೋ ಜವಳಾ ಕೊಂಡೆ. ಮೀನು ಮುಟ್ಟದ ಮನೆಯವನು ನಾನು. ಆ ಪೊಟ್ಟಣ ಉಡುಪಿಯ ತರುಣನ ಪಾಲಾಯಿತು. ಮರಳುವಾಗ ಲೋಕಲಿನಲ್ಲಿ ಅದರ ವಾಸನೆಯಿಂದ ನಮಗೆ ಕುಳಿತುಕೊಳ್ಳಲು ಧಾರಾಳವಾಗಿ ಜಾಗ ಸಿಕ್ಕಿತೆಂಬುದೂ ನಿಜ.

ಈ ಫಜೀತಿಗೆಲ್ಲ ಮೂಲಕಾರಣ ನಾವು ನೀರಿನ ವೇಳೆ ನೋಡದೆ ಹೋದದ್ದು. ಆದುದರಿಂದ ಮೊದಲು ಉಬ್ಬರವಿಳಿತದ ಲೆಕ್ಕವನ್ನು ತಿಳಿದುಕೊಳ್ಳೋಣ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚಂದ್ರನೂ ದಿನಾ ಅಷ್ಟೇ ತಡವಾಗಿ ಮೂಡುತ್ತಾನೆ. ನೀರನ್ನು ಎಳೆಯುವುದರಲ್ಲಿ ಅವನ ಕೈಯೇ ಹೆಚ್ಚಿನದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯನ ಸೆಳೆತವೂ ಕೂಡಿಕೊಂಡು ನೀರು ಬಹಳ ಏರಿ ಬಹಳ ಇಳಿಯುತ್ತದೆ. ಇದಕ್ಕೆ ಇಲ್ಲಿಯವರು ಉಧಾಣ ಎನ್ನುತ್ತಾರೆ. ಅಷ್ಟಮಿಯ ಸುಮಾರಿಗೆ ಏರಿಳಿತ ಮಂದ, ಅದು ಭಾಂಗ.

ಈ ದಂಡೆಯವರಲ್ಲಿ ಒಂದು ಬಾಯಿಲೆಕ್ಕವಿದೆ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಪೂರ್ಣ ಉಬ್ಬರದ ಗಂಟೆ ಸಿಗುತ್ತದೆ. ಶುದ್ಧವಾಗಲಿ ಬಹುಳವಾಗಲಿ ಲೆಕ್ಕ ಒಂದೇ. ಅಮಾವಾಸ್ಯೆಯನ್ನೂ 15 ಎಂದೇ ಹಿಡಿಯಬೇಕು. ಪಂಚಮಿಯಾದರೆ ಐದು ಮುಕ್ಕಾಲು ಮೂರೂ ಮುಕ್ಕಾಲು. ಅಂದರೆ ಬೆಳಗಿನ ಜಾವ 3-45ಕ್ಕೆ ಉಬ್ಬರ, ಆರು ಗಂಟೆಯ ಮೇಲೆ ತುಸು ಕೂಡಿಸಿದರೆ 10ರ ಸುಮಾರಿಗೆ ಪೂರ್ಣ ಇಳಿತ, ಮಧ್ಯಾಹ್ನ 4ರ ಮೇಲೆ ಮತ್ತೆ ಉಬ್ಬರ. ನಾವು ಹೋದದ್ದು ಚತುರ್ದಶಿಯಂದು. ಹದಿನಾಲ್ಕು ಮುಕ್ಕಾಲು ಹತ್ತೂವರೆ! ಒಂಬತ್ತಕ್ಕೆ ಹೋಗಿ ಕುಳಿತವರ ಜಮಖಾನೆ ನೆನೆಯದೆ ಇನ್ನೇನಾದೀತು? ದಿನವಿಡೀ ಲೆಕ್ಕ ಬರೆಯುವ ಕೈ ನನ್ನದು. ಇಷ್ಟು ಸಣ್ಣ ಗುಣಾಕಾರ ಗೊತ್ತಿರಲಿಲ್ಲ. ಆದರೆ ಇದು ಅಂದಾಜಿನ ಲೆಕ್ಕ. ಅರ್ಧ ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗಬಹುದು. ನೀರಿಗಿಳಿಯುವ ವಿಚಾರವಿದ್ದವರು ಪ್ರಕಟವಾಗುವ ಉಬ್ಬರವಿಳಿತದ ಪಟ್ಟಿಯನ್ನೇ ನೋಡತಕ್ಕದ್ದು. ನನ್ನನ್ನು ಕೇಳಿದರೆ ಇಳಿಯುವುದೇ ಬೇಡ. ಮಾರ್ವೆಯ ತೆಂಕಣಕ್ಕಿರುವ ಅಕ್ಸಾ ದಂಡೆಯಲ್ಲಿ ಇಂಥದೇ ರಜೆಯ ದಿನ ಬಂದ ಎಷ್ಟೋ ತರುಣರು ಮುಳುಗಿ ಸತ್ತಿದ್ದಾರೆ. ಇಳಿತದಲ್ಲಿ ದೂರದ ದಿಬ್ಬದವರೆಗೆ ನಡೆದುಹೋದವನ ಬೆನ್ನ ಹಿಂದಿನ ತಗ್ಗಿನಲ್ಲಿ ನೀರು ಮೊದಲು ತುಂಬುತ್ತದೆ; ಮುಂದೆ ನೋಡುತ್ತಿರುವವನಿಗೆ ಅದು ತಿಳಿಯುವುದಿಲ್ಲ.

ನಮಗೆ ಜಮಖಾನೆ ನೆನೆಸಿದ ಈ ನೀರೇ ಕೋಳಿ ಜನರಿಗೆ ಅನ್ನ ಕೊಡುವುದು. ಕೋಳಿ ಎಂದೊಡನೆ ಹೊಸದಾಗಿ ಬಂದ ನಮ್ಮವರು ನಗುತ್ತಾರೆ. ಮರಾಠಿಯಲ್ಲಿ ಆ ಶಬ್ದಕ್ಕೆ ಮೀನುಗಾರ ಎಂಬ ಅರ್ಥದ ಜೊತೆಗೆ ಜೇಡ ಎಂಬ ಅರ್ಥವೂ ಇದೆ. ಬಲೆ ನೇಯುವವರಿಗೆ ಒಪ್ಪುವ ಹೆಸರೇ. ಇವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಇವರ ಮುಖ್ಯ ಬಲೆ ಡೋಲ. ಅಗಲ ಬಾಯಿಯ, ಹಿಂದೆ ಹಿಂದೆ ಕಿರಿದಾಗುತ್ತ ಹೋಗುವ ಉದ್ದ ಚೀಲದಂಥ ಬಲೆಯಿದು. ಇದನ್ನು ಮೀನಿನ ಹಿಂದೆ ಎಳೆದುಕೊಂಡು ಹೋಗುವುದಿಲ್ಲ. ಸಮುದ್ರದಲ್ಲಿ ಗೂಟಕ್ಕೋ ಲಂಗರಿಗೋ ಕಟ್ಟಿ, ಬಾಯಿಯನ್ನು ಸೆಳೆತಕ್ಕೆ ಎದುರಾಗಿ ಬಿಡುತ್ತಾರೆ. ನೀರು ಹರಿದು ಮೀನನ್ನು ತಾನೇ ತಂದು ತುಂಬುತ್ತದೆ. ಸೆಳೆತ ನಿಂತ ಗಳಿಗೆಯಲ್ಲಿ ಬಲೆ ಎತ್ತಬೇಕು. ಆ ಗಳಿಗೆ ನಡುರಾತ್ರಿ ಬಂದರೆ ನಡುರಾತ್ರಿ ಏಳಬೇಕು. ಉಧಾಣದ ದಿನಗಳಲ್ಲಿ ಸೆಳೆತ ಜೋರಾಗಿದ್ದು ಕೈತುಂಬ ಕೆಲಸ. ಭಾಂಗದಲ್ಲಿ ಬಲೆ ಹೊಲಿಯುತ್ತ ಕೂಡುವುದು. ನಮಗೆ ಪಗಾರದ ತಾರೀಖು ತಿಂಗಳಿಗೊಂದು, ಇವರಿಗೆ ಅದನ್ನು ಚಂದ್ರ ತಿಂಗಳಿಗೆ ಎರಡು ಸಲ ಗೊತ್ತುಮಾಡುತ್ತಾನೆ.

ಉಡುಪಿಯ ತರುಣ ಇದನ್ನು ನೋಡಿ ಬೆರಗಾದ. ಅವನ ಅಜ್ಜನ ಕಾಲದಲ್ಲಿ ರಂಪಣಿ ಇತ್ತಂತೆ. ಬಹಳ ಉದ್ದದ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನು ದಂಡೆಯಿಂದ ಹತ್ತಾರು ಜನ ಎಳೆದು, ಬಂಗುಡೆ ಬೂತಾಯಿಗಳನ್ನು ಉಸುಕಿಗೆ ತಂದು ಹಾಕಿ ಪಾಲು ಹಂಚಿಕೊಳ್ಳುವ ಪದ್ಧತಿ ಅದು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು, ಮೀನನ್ನು ದಂಡೆಗೆ ಬರುವ ಮೊದಲೇ ಸುತ್ತುಗಟ್ಟತೊಡಗಿದ ಮೇಲೆ ದೊಡ್ಡ ರಂಪಣಿಗಳು ಅಳಿದವು. ಸಣ್ಣ ಕೈರಂಪಣಿ ಅಲ್ಲಲ್ಲಿ ಉಳಿದಿದೆ. "ನಮ್ಮಲ್ಲಿ ಡೋಲ ಯಾಕಿಲ್ಲ?" ಎಂದು ಅವನು ಕೇಳಿದ. ಉತ್ತರ ನೀರಿನಲ್ಲಿಯೇ ಇದೆ. ಮುಂಬಯಿಯಲ್ಲಿ ಉಧಾಣದ ದಿನ ನೀರು 4 ಮೀಟರಿನಷ್ಟು ಏರಿಳಿಯುತ್ತದೆ. ಮಂಗಳೂರಿನಲ್ಲಿ ಅದರ ಅರ್ಧವೂ ಇಲ್ಲ. ಮೀನನ್ನು ನೂಕಿ ತರುವಂಥ ಸೆಳೆತ ಅಲ್ಲಿಲ್ಲ.

ಡೋಲಕ್ಕೆ ಬೀಳುವ ಮೀನುಗಳಲ್ಲಿ ಹೆಸರಾದದ್ದು ಬೊಂಬಿಲ. ಇಂಗ್ಲಿಷರು ಇದಕ್ಕೆ 'ಬಾಂಬೆ ಡಕ್' ಎಂದರು. ಬಾತುಕೋಳಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದರ ಮೈಯೆಲ್ಲ ನೀರು, ಹಸಿಯಾಗಿ ಬಹಳ ಹೊತ್ತು ಉಳಿಯದು. ಆದ್ದರಿಂದ ಒಂದರ ದವಡೆಗೆ ಇನ್ನೊಂದರ ದವಡೆ ಸಿಕ್ಕಿಸಿ, ಜೋಡಿ ಜೋಡಿಯಾಗಿ ಬಿದಿರ ಗಳುಗಳ ನಡುವಣ ಹಗ್ಗಗಳಿಗೆ ನೇತುಹಾಕುತ್ತಾರೆ. ದೂರದಿಂದ ನೋಡಿದರೆ ಧೋಬಿಘಾಟಿನ ಅರಿವೆಗಳೇ. ಗಂಡಸರು ಹಿಡಿದು ತಂದಲ್ಲಿಗೆ ಅವರ ಕೆಲಸ ಮುಗಿಯಿತು. ಆರಿಸುವುದು, ಒಣಗಿಸುವುದು, ಪೇಟೆಗೆ ಒಯ್ದು ಮಾರುವುದು, ರೊಕ್ಕ ಎಣಿಸುವುದು ಎಲ್ಲ ಹೆಂಗಸರದು. ಒಣಗಿಸುವ ಕಾಲ ಮಳೆ ನಿಂತ ಮೇಲಿನಿಂದ ಬೇಸಿಗೆಯವರೆಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರಕಾರದ ನಿಷೇಧವಿದೆ. ಆಮೇಲೆ ಶ್ರಾವಣದ ನಾರಳಿ ಪೌರ್ಣಿಮೆ, ನಮ್ಮ ನೂಲಹುಣ್ಣಿಮೆ. ಅಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ.

ಬೈದ ಆ ಮಾವಶಿಯೇ ಆಮೇಲೆ ನಮ್ಮನ್ನು ಪಕ್ಕದ ಗುಡ್ಡೆಯ ಹತ್ತಿರ ಕೂರಿಸಿಕೊಂಡು ತೋರಿಸಿದರು. ಆಗತಾನೆ ಬಲೆಯಿಂದ ಸುರಿದದ್ದು. ಅದರಲ್ಲಿ ಮೀನಿನ ಜೊತೆ ಹಾಲಿನ ಚೀಲ, ಗುಟಕಾದ ಕಾಗದ, ಚಹದ ಕಪ್ಪು, ಹರಿದ ಚಪ್ಪಲಿ. ಡೋಲ ನಿಂತಲ್ಲಿ ನಿಂತು ಬಂದದ್ದನ್ನೆಲ್ಲ ನುಂಗುವ ಬಲೆ. ನಾವು ಉಪನಗರದ ನಾಲೆಗಳಿಗೆ ಎಸೆದದ್ದು ಅದರೊಳಗೇ ಹೋಗಿ ಸೇರುತ್ತದೆ. ಅವರ ಸೊಸೆ ಅರ್ಧ ಗಂಟೆ ಬರಿಯ ಕಸ ಆರಿಸಿದ್ದನ್ನು ನಾನು ಗಡಿಯಾರ ಹಿಡಿದು ನೋಡಿದೆ. ಮೀನೂ ಮೊದಲಿನಂತಿಲ್ಲ ಎಂದರು. ಪಾಪ್ಲೆಟ್, ಅಂದರೆ ಕರಾವಳಿಯವರ ಮಾಂಜಿ, ಬೆಳೆಯುವ ಮೊದಲೇ ಬಲೆಗೆ ಬಿದ್ದು ಕಡಿಮೆಯಾದದ್ದರಿಂದ 2023ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ರಾಜ್ಯದ ಮೀನೆಂದು ಸಾರಿತು. ಹೆಸರು ಬಂತು, ಮೀನು ಬರಬೇಕು ಎಂದು ಮಾವಶಿ ನಕ್ಕರು.

ಮುಂದಿನ ಪ್ರವಾಸವನ್ನು ಪಂಚಮಿ ಷಷ್ಠಿಗಳ ಹತ್ತಿರದ ಭಾನುವಾರ ನೋಡಿ ಗೊತ್ತುಮಾಡುತ್ತೇವೆ. ಬೆಳಿಗ್ಗೆ ಹತ್ತು ಹನ್ನೊಂದರ ಇಳಿತದಲ್ಲಿ ನಡೆದಾಡಲು ಕೆಳಗೆ ಬೇಕಾದಷ್ಟು ಹಸಿ ಉಸುಕಿರುತ್ತದೆ, ಮೇಲಿನ ಒಣ ನೆಲಕ್ಕೆ ಹೋಗುವ ಪ್ರಸಂಗವೇ ಬರುವುದಿಲ್ಲ. ಹರವಿದ ಬಲೆಯನ್ನು ದಾಟಬಾರದು, ಸುತ್ತಿ ಹೋಗಬೇಕು. ಹೆಂಗಸರ ಪಟ ತೆಗೆಯುವ ಮೊದಲು ಕೇಳಬೇಕು. ಬರುವವರು ವಾಚನಾಲಯದ ಮೇಜಿನ ಮೇಲಿನ ವಹಿಯಲ್ಲಿ ಹೆಸರು ಬರೆಯತಕ್ಕದ್ದು. ಬುತ್ತಿಯ ಜೊತೆಗೆ ಎರಡು ಖಾಲಿ ಚೀಲಗಳನ್ನು ತರತಕ್ಕದ್ದು, ಒಂದು ನಮ್ಮ ಕಸಕ್ಕೆ, ಒಂದು ಚಪ್ಪಲಿಗೆ.